ಮಹಾಸಭೆಯ ಗುಡುಗು, ಮರುದಿನದ ಪಿಕಪ್

ಭಾನುವಾರ ನಮ್ಮೂರ ಸಹಕಾರಿ ಸಂಘದ ವಾರ್ಷಿಕ ಮಹಾಸಭೆ ನಡೆಯಿತು. ನಮ್ಮ ಕಡೆಯ ಮಹಾಸಭೆಗಳ ರೀತಿ ನಿಮಗೆ ಗೊತ್ತಿರುವುದೇ: ಕಾರ್ಯದರ್ಶಿ ವರದಿ ಓದುವಾಗ ಅರ್ಧ ಜನ ಹೊರಗೆ ಚಹಾದ ಲೋಟ ಹಿಡಿದು ನಿಂತಿರುತ್ತಾರೆ, ಡಿವಿಡೆಂಡ್ ಘೋಷಣೆಯ ಹೊತ್ತಿಗೆ ಕರೆದವರಂತೆ ಒಳಗೆ ಬರುತ್ತಾರೆ, ವಂದನಾರ್ಪಣೆ ಮುಗಿಯುವ ಮೊದಲೇ ಊಟದ ಎಲೆಯ ಮುಂದೆ ಇರುತ್ತಾರೆ. ಈ ಸಲ ಸಭೆಗೆ ಕಳೆ ತಂದವರು, ದೂರದ ಸಂಬಂಧದಲ್ಲಿ ನನಗೆ ಭಾವನಾಗಬೇಕಾದ ಒಬ್ಬ ಹಿರಿಯ ಕೃಷಿಕರು. ನಮ್ಮ ಕಡೆ ಸಹಕಾರಿ ಚಳವಳಿ ಕಟ್ಟಿದ ಮೊಳಹಳ್ಳಿ ಶಿವರಾಯರ ಫೋಟೊದ ಕೆಳಗೆ ನಿಂತು ಅವರು ಗುಡುಗಿದರು: "ಸಂಘ ಹುಟ್ಟಿದ್ದು ಯಾರಿಗಾಗಿ ಸ್ವಾಮಿ? ಖಾಸಗಿಯವನು ಕೊಡುವ ಧಾರಣೆ ನಮ್ಮದೇ ಸಂಸ್ಥೆಗೆ ಕೊಡಲಿಕ್ಕೆ ಆಗುವುದಿಲ್ಲ ಎಂದಾದರೆ ಈ ಬೋರ್ಡು ಯಾಕೆ?" ಚಪ್ಪಾಳೆ ಬಿತ್ತು. ಸುಳ್ಳು ಹೇಳುವುದು ಯಾಕೆ, ನಾನೂ ತಟ್ಟಿದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಭಾವನ ಪಿಕಪ್, ಪೇಟೆಯ ಒಬ್ಬ ಖಾಸಗಿ ವ್ಯಾಪಾರಿಯ ಅಡಿಕೆ ಅಂಗಡಿಯ ಮುಂದೆ ಹಿಂಬದಿ ಕೊಟ್ಟು ನಿಂತಿತ್ತು. ಏಳು ಗೋಣಿ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗಾಗಿ ನಮ್ಮ ಸಂಘ ನಡೆಸುವ ಖರೀದಿ ಕೇಂದ್ರ ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ ಬಾಗಿಲು ತೆರೆದುಕೊಂಡು ಕುಳಿತಿತ್ತು.

ಎರಡು ದಿನದಿಂದ ಈ ಏಳು ಗೋಣಿ ನನ್ನ ತಲೆಯಿಂದ ಇಳಿಯುತ್ತಿಲ್ಲ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆರ್ಥಿಕತೆ ಕುಸಿಯುತ್ತಿದೆ, ತೋಟಗಳು ಹಾಳು ಬೀಳುತ್ತಿವೆ, ಮಕ್ಕಳು ಬೆಂಗಳೂರಿನಿಂದ ಹಿಂದೆ ಬರುತ್ತಿಲ್ಲ, ಸರಕಾರ ಏನೂ ಮಾಡುತ್ತಿಲ್ಲ ಎಂದು ನಾವೆಲ್ಲ ಮದುವೆ ಮನೆಗಳಲ್ಲಿ, ಉಪನಯನದ ಚಪ್ಪರಗಳಲ್ಲಿ, ಈ ಫೇಸ್‌ಬುಕ್ಕಿನಲ್ಲಿಯೂ ದುಃಖಿಸುತ್ತೇವೆ. ಆದರೆ ಈ ಆರ್ಥಿಕತೆಯನ್ನು ಒಮ್ಮೆ ಕೈಹಿಡಿದು ಎತ್ತಿದ್ದು ಯಾವುದೋ, ಅದಕ್ಕೆ ಏಳು ಗೋಣಿ ಕೊಡಲು ಮಾತ್ರ ನಮಗೆ ಇನ್ನೂರು ಹೆಜ್ಜೆ ದೂರವಾಗುತ್ತದೆ.

ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿದ್ದನ್ನು ನೆನಪಿಟ್ಟುಕೊಂಡವರು ಈಗ ಊರಿಗೆ ಮೂವರೋ ನಾಲ್ವರೋ ಉಳಿದಿರಬಹುದು. ನಮ್ಮ ಅಜ್ಜ ಆ ಕಾಲದ ಮಾತು ಬಂದರೆ ಎಲೆತಟ್ಟೆಯನ್ನು ಪಕ್ಕಕ್ಕೆ ಸರಿಸಿ ಸುಮ್ಮನಾಗುತ್ತಿದ್ದರು. ಮಳೆಗಾಲದ ಮನೆಖರ್ಚಿಗೆ ವ್ಯಾಪಾರಿಯೇ ಮುಂಗಡ ಕೊಡುವುದು, ಅಡಿಕೆ ಒಣಗಿದ ಮೇಲೆ ಅವನು ಹೇಳಿದ ಧಾರಣೆಗೆ ಅವನ ಅಂಗಡಿಗೇ ತಂದು ಸುರಿಯುವುದು ಅಂದಿನ ಪದ್ಧತಿಯಾಗಿತ್ತು. ಬೆಳೆದವನಿಗೆ ತನ್ನ ಅಡಿಕೆಯ ಬೆಲೆ ಎಷ್ಟು ಎಂಬುದು ಮಂಗಳೂರಿನಿಂದ ಯಾರಾದರೂ ಬಂದು ಹೇಳಿದರೆ ಮಾತ್ರ ತಿಳಿಯುತ್ತಿತ್ತು, ಬಂದು ಹೇಳುತ್ತಿದ್ದವನೂ ಹೆಚ್ಚಾಗಿ ಆ ವ್ಯಾಪಾರಿಯ ಜನವೇ ಆಗಿರುತ್ತಿದ್ದ. ಆಗ ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಅವರ ಜೊತೆಗಾರರು ಊರೂರು ತಿರುಗಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದುಗೂಡಿಸಿ, 1973ರ ಜುಲೈ 11ರಂದು ಕ್ಯಾಂಪ್ಕೊವನ್ನು ಹುಟ್ಟುಹಾಕಿದರು. ಕಾಸರಗೋಡಿನ ಗಡಿಯ ಆಚೆಗೂ ಈಚೆಗೂ ಒಂದೇ ಮಳೆ, ಒಂದೇ ಕೊಳೆರೋಗ, ಒಂದೇ ಧಾರಣೆ ಇರುವಾಗ ಸಂಘ ಮಾತ್ರ ಎರಡು ಯಾಕಿರಬೇಕು ಎಂದು ಯೋಚಿಸಿದ ಆ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಎರಡು ರಾಜ್ಯಗಳು ಒಂದು ಹೊಳೆಯ ನೀರನ್ನು ಹಂಚಿಕೊಳ್ಳಲು ಎಷ್ಟು ಒದ್ದಾಡುತ್ತವೆ ಎಂದು ನೋಡಿದವರಿಗೆ ಈ ಮಾತಿನ ತೂಕ ತಿಳಿದೀತು.

ಕೊಕ್ಕೊದ ಕಥೆಯಂತೂ ನನ್ನ ಕಣ್ಣೆದುರು ನಡೆದದ್ದು. ಒಂದು ದೊಡ್ಡ ಚಾಕೊಲೇಟ್ ಕಂಪನಿಯ ಮಾತು ನಂಬಿ ಅಡಿಕೆ ಮರಗಳ ನಡುವೆ ನಮ್ಮ ಅಪ್ಪ ಕೊಕ್ಕೊ ನೆಟ್ಟಿದ್ದರು. ಎಂಬತ್ತರ ಹೊತ್ತಿಗೆ ಪರದೇಶದ ಮಾರುಕಟ್ಟೆ ಬಿದ್ದಿತು, ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಹಣ್ಣುಗಳು ಗಿಡದಲ್ಲೇ ಕಪ್ಪಾಗಿ ಒಣಗಿದವು, ಅಳಿಲುಗಳಿಗೆ ಅಂಥ ಸುಗ್ಗಿ ಮತ್ತೆ ಸಿಕ್ಕಿಲ್ಲ. ಅಪ್ಪ ಕತ್ತಿ ಹಿಡಿದು ಒಂದು ಸಾಲು ಕಡಿದೇಬಿಟ್ಟರು. ಎರಡನೆಯ ಸಾಲಿಗೆ ಕತ್ತಿ ಬೀಳುವ ಮೊದಲು ಕ್ಯಾಂಪ್ಕೊ ಕೊಕ್ಕೊ ಕೊಳ್ಳುತ್ತದಂತೆ ಎಂಬ ಸುದ್ದಿ ಬಂತು. ಬೀಜ ಕೊಂಡು ಏನು ಮಾಡಬೇಕೆಂಬುದಕ್ಕೆ ಸಂಸ್ಥೆಯ ಬಳಿ ಆಗ ಸ್ವಂತ ಕಾರ್ಖಾನೆಯೂ ಇರಲಿಲ್ಲ. ಅಡಿಕೆ ಮಾತ್ರ ಗೊತ್ತಿದ್ದ ಕೃಷಿಕರ ಸಂಸ್ಥೆಯೊಂದು 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು ಎಂದರೆ ಅದನ್ನು ಧೈರ್ಯ ಎನ್ನಬೇಕೋ ಹುಚ್ಚು ಎನ್ನಬೇಕೋ ಎಂದು ಆಗ ಬ್ಯಾಂಕಿನಲ್ಲಿ ಸಾಲದ ಕಡತ ನೋಡುತ್ತಿದ್ದ ನನಗೆ ನಿಜಕ್ಕೂ ಅನುಮಾನವಿತ್ತು. ಕಾರ್ಖಾನೆ ಇಂದಿಗೂ ನಡೆಯುತ್ತಿದೆ, ನನ್ನ ಬ್ಯಾಂಕೇ ಇಲ್ಲ.

ಬ್ಯಾಂಕಿನ ವಿಷಯ ಬಂದಿತೆಂದು ಒಂದು ಮಾತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ದೇಶಕ್ಕೆ ನಾಲ್ಕು ದೊಡ್ಡ ಬ್ಯಾಂಕುಗಳನ್ನು ಕೊಟ್ಟ, ಉಡುಪಿಯೂ ಸೇರಿದ್ದ ಹಳೆಯ ಜಿಲ್ಲೆ ನಮ್ಮದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆವು. 2019 ಮತ್ತು 2020ರ ಏಪ್ರಿಲ್ ಒಂದನೆಯ ತಾರೀಕುಗಳಂದು ಅವುಗಳಲ್ಲಿ ಮೂರು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡು ಹೆಸರು ಅಳಿಸಿಹೋಯಿತು. ಮಂಗಳೂರಿನಲ್ಲಿ ಸಭೆ ನಡೆಯಿತು, ಮನವಿ ಹೋಯಿತು, ನಾನೂ ಕಪ್ಪು ಪಟ್ಟಿ ಕಟ್ಟಿಕೊಂಡೆ, ಆಮೇಲೆ ಹೊಸ ಪಾಸ್‌ಬುಕ್ ತೆಗೆದುಕೊಂಡೆ. ಹೋದದ್ದನ್ನು ಎಣಿಸಿ ಅಳುವುದರಲ್ಲಿ ನಮ್ಮಷ್ಟು ಚೆಂದದ ಜನ ಇನ್ನೊಂದಿಲ್ಲ. ಇರುವುದರ ಬಾಗಿಲಿಗೆ ಏಳು ಗೋಣಿ ಒಯ್ಯುವುದೇ ಕಷ್ಟ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಬೊಂಬಾಯಿಯ ಮಿತ್ರರೊಬ್ಬರು ನಿನ್ನೆ ಫೋನಿನಲ್ಲಿಯೇ ಕೇಳಿದರು: "ಹೆಚ್ಚು ಕೊಡುವವನಿಗೆ ಮಾರುವುದು ತಪ್ಪಾ ಮಾರಾಯ್ರೇ? ಕೃಷಿಕನಿಗೆ ಬದುಕುವುದು ಬೇಡವಾ? ಸಂಘಗಳಲ್ಲಿ ರಾಜಕೀಯ ಇಲ್ಲವಾ, ಆಡಳಿತ ಮಂಡಳಿಯ ಚುನಾವಣೆ ಈಗ ವಿಧಾನಸಭೆಯ ಚುನಾವಣೆಯ ಹಾಗೆ ಆಗಿಲ್ಲವಾ?" ಆಗಿದೆ, ಒಪ್ಪುತ್ತೇನೆ. ಕೆಲವು ಸಂಘಗಳಲ್ಲಿ ನಿರ್ದೇಶಕರ ಕುರ್ಚಿ ತಂದೆಯಿಂದ ಮಗನಿಗೆ ಪಾಲಿನ ಆಸ್ತಿಯಂತೆ ಇಳಿದು ಬರುವುದನ್ನೂ ಕಂಡಿದ್ದೇನೆ. ಆದರೆ ಸಂಘದಲ್ಲಿ ರಾಜಕೀಯವಿದೆ ಎಂದು ಬೇಸರಗೊಂಡು ಖಾಸಗಿಯವನ ಬಳಿ ಹೋಗುವವರು, ಅವನ ಅಂಗಡಿಯಲ್ಲಿ ಎಂದಾದರೂ ಮಹಾಸಭೆ ಕರೆದು ಪ್ರಶ್ನೆ ಕೇಳಿದ್ದಾರೆಯೇ? ಗುಡುಗಲು ಸಂಘ ಬೇಕು, ಮಾರಲು ಅಂಗಡಿ ಬೇಕು!

ಇನ್ನು ಆ ಹೆಚ್ಚು ಬೆಲೆಯ ಗುಟ್ಟು. ಖಾಸಗಿಯವನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಪತ್ರಿಕೆಯಲ್ಲಿ ಬಂದ ಕ್ಯಾಂಪ್ಕೊ ಧಾರಣೆಯನ್ನು. ಅದರ ಮೇಲೆ ಐದೋ ಎಂಟೋ ರೂಪಾಯಿ ಸೇರಿಸಿ ತನ್ನ ಧಾರಣೆ ಹೇಳುತ್ತಾನೆ. ಸಂಸ್ಥೆ 10 ರೂಪಾಯಿ ಏರಿಸಿದರೆ ಅವನೂ ಏರಿಸಲೇಬೇಕು. ಅಂದರೆ ನಮಗೆ ಸಿಗುವ ಆ ಎಂಟು ರೂಪಾಯಿ ಹೆಚ್ಚುವರಿಯನ್ನು ಕೊಡಿಸುತ್ತಿರುವುದು ನಾವು ಅಡಿಕೆ ಕೊಡದೇ ಬಿಟ್ಟ ಅದೇ ಸಂಸ್ಥೆ. ಅದು ನಾಳೆ ಧಾರಣೆ ಪ್ರಕಟಿಸುವುದನ್ನು ನಿಲ್ಲಿಸಿದರೆ ಎಂಟು ರೂಪಾಯಿಯನ್ನು ಯಾವುದರ ಮೇಲೆ ಸೇರಿಸುವುದು? ಇಷ್ಟು ಸರಳ ಲೆಕ್ಕ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಿಡುವ ನಮಗೆ ಅರ್ಥವಾಗುವುದಿಲ್ಲವೆಂದರೆ ನಾನು ನಂಬುವುದಿಲ್ಲ. ಅರ್ಥವಾಗಿಯೂ ಹೋಗುತ್ತೇವೆ. ಉಳಿದವರು ಸಂಘಕ್ಕೆ ಕೊಟ್ಟು ಅದನ್ನು ಉಳಿಸಿಕೊಳ್ಳಲಿ, ನಾನೊಬ್ಬ ಹೋದರೆ ಏನಾಯಿತು ಎಂಬುದು ಪ್ರತಿಯೊಬ್ಬರ ಅಂದಾಜು.

ಸರಿ, ಈಗ ನೀವು ಕೇಳದಿದ್ದರೂ ನಾನು ಹೇಳಬೇಕಾದದ್ದೊಂದಿದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಅಂಗಡಿಯ ಮುಂದೆ ನನಗೇನು ಕೆಲಸವಿತ್ತು? ನಾನೂ ಆರು ಗೋಣಿ ತಂದಿದ್ದೆ. ಭಾವ ನನ್ನನ್ನು ಕಂಡು, "ಎಂತ ಭಾವ, ನೀವೂ ಇಲ್ಲಿಯಾ?" ಎಂದರು. ಅವರ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ, ಬದಲಿಗೆ ದಾರಿಯಲ್ಲಿ ಜೊತೆ ಸಿಕ್ಕ ನೆಮ್ಮದಿ ಇತ್ತು. ನಾನು ಏನೋ ತೊದಲಿದೆ.

ವ್ಯಾಪಾರಿ ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟ, ಬೊಂಡ (ಎಳನೀರು) ತರಿಸಿದ. ಆಮೇಲೆ ಗೋಣಿಯ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಬೊಗಸೆ ಎತ್ತಿ ಚೀಲದ ಮೇಲೆ ಹರಡಿದ. ನಾಲ್ಕು ಕಾಳನ್ನು ಕತ್ತರಿಯಲ್ಲಿ ಸೀಳಿ ಒಳಗಿನ ಬಿಳಿಯನ್ನು ಬೆಳಕಿಗೆ ಹಿಡಿದು ನೋಡಿದ. ಆ ಅಡಿಕೆ ನಮ್ಮ ಅಂಗಳದಲ್ಲಿ 45 ಬಿಸಿಲು ಕಂಡದ್ದು, ದಿನ ಬಿಟ್ಟು ದಿನ ಕಾಲಿನಲ್ಲಿ ಎಳೆದು ಮಗುಚಿದವನು ನಾನೇ. "ಪಟೋರ ಸ್ವಲ್ಪ ಜಾಸ್ತಿ ಉಂಟು ಭಟ್ರೇ," ಎಂದ. ಪಟೋರ ಎಂದರೆ ಕಡಿಮೆ ಧಾರಣೆಗೆ ಹೋಗುವ ಕಳಪೆ ಅಡಿಕೆ. ನನಗೆ ಹಾಗೆ ಕಾಣಲಿಲ್ಲ, ಆದರೆ ಬೊಂಡದ ನೀರು ಅರ್ಧ ಕುಡಿದಾಗಿತ್ತು. ಕೊನೆಗೆ ತಗ್ಗಿದ ದನಿಯಲ್ಲಿ, "ಬಿಲ್ಲು ಬೇಕಾ?" ಎಂದು ಕೇಳಿದ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಊರವರಿಗೆಲ್ಲ ದಾಖಲೆಯ ಪಾಠ ಹೇಳಿದ ನಾನು ಬೇಡವೆಂದು ತಲೆಯಾಡಿಸಿದೆ. ಶೇಕಡಾ 5ರ ಜಿಎಸ್‌ಟಿ ಎಲ್ಲಿ ಹೋಯಿತೆಂದು ನನ್ನನ್ನು ಕೇಳಬೇಡಿ.

ಮನೆಗೆ ಬಂದು ಲೆಕ್ಕ ಹಾಕಿದೆ. ಮೂರು ಕ್ವಿಂಟಲಿಗೆ ಕೆ.ಜಿ. ಮೇಲೆ ಎಂಟು ರೂಪಾಯಿಯಂತೆ 2,400 ರೂಪಾಯಿ ಹೆಚ್ಚು ಸಿಕ್ಕಿತ್ತು. ಪಟೋರವೆಂದು ಬೇರೆ ಮಾಡಿದ 30 ಕೆ.ಜಿ.ಗೆ 60 ರೂಪಾಯಿಯಂತೆ 1,800 ಕಡಿತ. ಉಳಿದದ್ದು 600. ಪಿಕಪ್ ಬಾಡಿಗೆ 700. ಮನೆಯವಳು ಈ ಲೆಕ್ಕದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಕೊಕ್ಕೊ ವಿಷಯದಲ್ಲಿಯೂ ನಾವು ಇದನ್ನೇ ಮಾಡಿದೆವು. 2024ರ ಬೇಸಿಗೆಯಲ್ಲಿ ಜಗತ್ತಿನಲ್ಲೆಲ್ಲ ಕೊಕ್ಕೊ ಧಾರಣೆ ಹುಚ್ಚೆದ್ದು, ನಮ್ಮಲ್ಲಿ ಹಸಿ ಬೀಜ ಕೆ.ಜಿ.ಗೆ 300 ರೂಪಾಯಿಯ ಆಸುಪಾಸಿಗೆ ಏರಿತು. ಅಲ್ಲಿಯವರೆಗೆ ಕೊಕ್ಕೊ ಎಂದರೆ ಅಳಿಲಿನ ಆಹಾರ ಎನ್ನುತ್ತಿದ್ದವರು ತೋಟದಲ್ಲಿ ಗಿಡ ಎಣಿಸತೊಡಗಿದರು, ನರ್ಸರಿಗಳಲ್ಲಿ ಸಸಿ ಸಿಗದಾಯಿತು, ಜಂಕ್ಷನ್ನಿಗೊಬ್ಬ ಕೊಳ್ಳುವವನು ತಕ್ಕಡಿ ಹಿಡಿದು ನಿಂತ. ಎಷ್ಟೋ ಬೀಜ ಆ ತಕ್ಕಡಿಗಳಿಗೇ ಹೋಯಿತು. ಆಮೇಲೆ ಧಾರಣೆ ಇಳಿಯಿತು, ತಕ್ಕಡಿಗಳು ಮಾಯವಾದವು, ವಾಟ್ಸಾಪ್ ಗುಂಪುಗಳಲ್ಲಿ ಮರುದಿನವೇ ಪ್ರಶ್ನೆ ಎದ್ದಿತು: ನಮ್ಮ ಸಂಸ್ಥೆ ಏನು ಮಾಡುತ್ತಿದೆ?

ಆಮದು ಅಡಿಕೆಯದೂ ಹೀಗೆಯೇ. ಕಡಿಮೆ ಬೆಲೆಯ ಅಡಿಕೆ ಹೊರದೇಶದಿಂದ ಬಂದು ಬೀಳದಂತೆ ಕನಿಷ್ಠ ಆಮದು ದರವನ್ನು 2023ರ ಫೆಬ್ರವರಿಯಲ್ಲಿ ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಅದಕ್ಕಾಗಿ ಮನವಿ ಹಿಡಿದು ದೆಹಲಿಯ ಬಾಗಿಲು ತಟ್ಟಿದ್ದು ಬೆಳೆಗಾರರ ಸಂಸ್ಥೆಗಳು. ನಮ್ಮ ಪೇಟೆಯ ಬೊಂಡ ಕೊಡುವ ವ್ಯಾಪಾರಿ ಇದಕ್ಕಾಗಿ ದೆಹಲಿಗೆ ಹೋಗಿಬಂದದ್ದು ನನಗಂತೂ ತಿಳಿದಿಲ್ಲ.

ಕೆಲವರು, ವಿಶೇಷವಾಗಿ ನನ್ನ ಮಗಳು, ಇಡೀ ಚರ್ಚೆಯೇ ವ್ಯರ್ಥ ಎನ್ನುತ್ತಾರೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಅಪ್ಪ, ನೀವು ಯಾವುದನ್ನು ಉಳಿಸಲು ಹೊರಟಿದ್ದೀರಿ ಎಂದು ಅವಳ ಪ್ರಶ್ನೆ. ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ. ಎಲೆ ಮೆಲ್ಲುವ ನನ್ನ ಬಾಯಿಗೆ ಆ ಉತ್ತರ ಹೇಳುವ ಅರ್ಹತೆಯೂ ಇಲ್ಲ. ಆದರೆ ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗಕ್ಕೆ ಸಿಕ್ಕಿದ ತೋಟಗಳನ್ನು ನೋಡಿ ಬಂದವನಾಗಿ ಒಂದು ಮಾತು ಹೇಳಬಲ್ಲೆ. ಅಡಿಕೆ ಬಿಟ್ಟು ಬೇರೆ ಬೆಳೆಗೆ ಹೋಗಬೇಕಾದ ದಿನ ಬಂದರೆ, ಆ ಬೆಳೆಯನ್ನು ಒಟ್ಟಾಗಿ ಕೊಂಡು ಮಾರುವವರು ಯಾರಾದರೂ ಇರಲೇಬೇಕು. ಎಂಬತ್ತರಲ್ಲಿ ಕೊಕ್ಕೊಗೆ ಇದ್ದರು. ಆಗ ಅಪ್ಪನ ಕತ್ತಿ ನಿಂತದ್ದು ಎರಡನೆಯ ಸಾಲಿನ ಹತ್ತಿರ.

ಇಷ್ಟು ಬರೆಯುವ ಹೊತ್ತಿಗೆ ಭಾವನ ಫೋನ್ ಬಂತು. ಅವರ ಅಟ್ಟದಲ್ಲಿ ಇನ್ನೂ ಐದು ಗೋಣಿ ಇದೆಯಂತೆ, ನನ್ನಲ್ಲಿ ನಾಲ್ಕು ಉಳಿದಿರುವುದು ಅವರಿಗೆ ಹೇಗೋ ತಿಳಿದಿದೆ. "ಬರುವ ಸೋಮವಾರ ಒಂದೇ ಪಿಕಪ್ಪಿನಲ್ಲಿ ಹೋಗುವ ಭಾವ, ಬಾಡಿಗೆ ಅರ್ಧ ಅರ್ಧ," ಎಂದರು.

"ಎಲ್ಲಿಗೆ?" ಎಂದು ಕೇಳಿದೆ.

"ಅದು ಸೋಮವಾರ ಬೆಳಿಗ್ಗೆ ಪೇಪರ್ ನೋಡಿ ಹೇಳುವ," ಎಂದರು.

ಪೇಪರಿನಲ್ಲಿ ಬರುವುದು ಯಾರ ಧಾರಣೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.