ಸ್ವಲ್ಪ ಪಕ್ಕಕ್ಕೆ ಸರೀತೀರಾ ಸರ್?

ಇವತ್ತು ಬೆಳಿಗ್ಗೆ ಮತ್ತೆ ಅದೇ ಆಯ್ತು. ಸೇತುವೆಯ ಕಂಬದ ಮೇಲೆ ನೀರಿನ ಮಟ್ಟ ನೋಡಲು ಗೆರೆ, ಅಂಕಿ ಬರೆದಿರುತ್ತಾರಲ್ಲ, ಅದರ ಮೇಲೆ ಎಳೆಬಿಸಿಲು ಬೀಳುವುದು ಹತ್ತೇ ನಿಮಿಷ. ಅಷ್ಟಕ್ಕಾಗಿ ಅಲಾರಾಂ ಇಟ್ಟು ಎದ್ದು, ನದಿ ದಂಡೆಗೆ ಓಡಿ, ಮೊಬೈಲ್ ಎತ್ತಿ ಹಿಡಿದೆ. ಇನ್ನೇನು ಕ್ಲಿಕ್ ಮಾಡಬೇಕು, ಎಡಗಡೆಯಿಂದ ಒಂದು ನೀಲಿ ಟೋಪಿ ಒಳಗೆ ಬಂತು.

ಟೋಪಿ ಅಂದರೆ ನಮ್ಮ ಎದುರುಮನೆಯವರು. ನಿವೃತ್ತರು. ವಾಕಿಂಗ್‌ಗೆ ಬರುತ್ತಾರೆ, ಬರಲಿ, ಯಾರು ಬೇಡ ಅಂದರು? ಆದರೆ ನಾನು ಫೋನ್ ಎತ್ತಿದ್ದು ಕಂಡ ಕೂಡಲೇ ಅವರ ವಾಕಿಂಗ್ ನಿಂತುಹೋಗುತ್ತದೆ. ಫ್ರೇಮಿನ ನಟ್ಟನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ನಾನು ನೋಡುತ್ತಿರುವ ಕಡೆಗೇ ತಿರುಗಿ ನೋಡುತ್ತಾರೆ.

"ಏನಿದೆ ಅಲ್ಲಿ?"

"ಏನಿಲ್ಲ ಸರ್, ಕಂಬ."

"ಕಂಬಾನಾ?"

ಆಮೇಲೆ "ತೆಗೀರಿ ತೆಗೀರಿ, ನನಗೇನೂ ತೊಂದರೆ ಇಲ್ಲ" ಅಂತ ಅಲ್ಲೇ ನಿಲ್ಲುತ್ತಾರೆ.

ನನ್ನದು ಸಣ್ಣ ಆಸೆ. ನದಿಯಲ್ಲಿ ಸೂರ್ಯ ಮುಳುಗುವ ಫೋಟೋ ಎಲ್ಲರ ಹತ್ತಿರವೂ ಇದೆ. ನನ್ನ ಹತ್ತಿರವೇ ನಾನೂರಿವೆ, ಎಲ್ಲ ಒಂದೇ ಥರ. ನನಗೆ ಬೇಕಾದದ್ದು ದಾರಿ ಹೇಳುವಾಗ ಬಾಯಿಗೆ ಬರುವ ಗುರುತುಗಳು. ವಾಟರ್ ಟ್ಯಾಂಕು, ಟ್ರಾನ್ಸ್‌ಫಾರ್ಮರ್, ಕಾಲು ಮುರಿದ ಬೆಂಚು. ಇವನ್ನು ಯಾರೂ ತೆಗೆಯುವುದಿಲ್ಲ. ಯಾಕೆ ಅಂತ ತೆಗೆಯಲು ಹೋದಾಗ ಗೊತ್ತಾಗುತ್ತದೆ. ಕೆಳಗೆ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಟ್ಯಾಂಕು ಹಿಂದಕ್ಕೆ ವಾಲಿ, ಈಗಲೋ ಆಗಲೋ ಬೀಳುವ ಹಾಗೆ ಬರುತ್ತದೆ. ಫೋನ್ ನೆಟ್ಟಗಿರಬೇಕು ಅಂದರೆ ದೂರ ಹೋಗಬೇಕು. ದೂರ ಹೋದರೆ ನಡುವೆ ಯಾರದೋ ಒಣಹಾಕಿದ ಬಟ್ಟೆ. ಟ್ರಾನ್ಸ್‌ಫಾರ್ಮರ್ ತೆಗೆಯುವಾಗಂತೂ ಒಬ್ಬರು ಗೇಟು ದಾಟಿ ಓಡಿಬಂದು, "ರೋಡ್ ಅಗಲ ಮಾಡ್ತಾರಾ? ನಮ್ಮ ಕಾಂಪೌಂಡ್ ಹೋಗುತ್ತಾ?" ಅಂದರು. ಸುಮ್ನೆ ತೆಗೀತಿದ್ದೀನಿ ಅಂದೆ. ನಂಬಲಿಲ್ಲ.

ಕಳೆದ ವಾರ ಪನೋರಮಾಕ್ಕೆ ಕೈಹಾಕಿದೆ. ಸೇತುವೆ ಪೂರ್ತಿ ಬರಲಿ ಅಂತ ಫೋನನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸುವುದು. ಎದುರುಮನೆಯವರಿಗೆ ಮೊದಲೇ ಕೈಮುಗಿದಿದ್ದೆ: ಸರ್, ದಯವಿಟ್ಟು ನಿಲ್ಲಬೇಡಿ, ನಡೀತಾ ಇರಿ. ನಡೆದರು. ನಾನು ತಿರುಗಿಸುವ ದಿಕ್ಕಿಗೇ, ನನ್ನ ಫೋನಿನ ವೇಗಕ್ಕೇ! ಪನೋರಮಾದಲ್ಲಿ ಫೋನು ಪಟ್ಟಿ ಪಟ್ಟಿಯಾಗಿ ತೆಗೆದು ಹೊಲಿಯುತ್ತದೆ. ಜೊತೆಜೊತೆಗೇ ನಡೆದವರು ಪಟ್ಟಿ ಪಟ್ಟಿಗೂ ಸಿಗುತ್ತಾರೆ. ಬಂದ ಫೋಟೋದಲ್ಲಿ ಸೇತುವೆಗೆ ನಾಲ್ಕು ಕಂಬ, ಅವರಿಗೆ ಏಳು ಕಾಲು. ಹೊಟ್ಟೆ ಎರಡನೇ ಕಂಬದಲ್ಲಿ ಶುರುವಾಗಿ ಮೂರನೆಯದರಲ್ಲಿ ಮುಗಿದಿತ್ತು. ಟೋಪಿ ಮೂರು ಕಡೆ, ಅದರಲ್ಲಿ ಒಂದರ ಕೆಳಗೆ ತಲೆಯೇ ಇಲ್ಲ. ನಾಚಿಕೊಳ್ಳಲಿ ಅಂತ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. "ನಾನು ಇಷ್ಟು ದಪ್ಪ ಇದ್ದೀನಾ?" ಅಂದರು. ಮರುದಿನದಿಂದ ಎರಡು ಸುತ್ತು ಜಾಸ್ತಿ ನಡೆಯುತ್ತಿದ್ದಾರೆ. ಅಂದರೆ ನನ್ನ ಫ್ರೇಮಿಗೆ ಎರಡು ಸಲ ಜಾಸ್ತಿ.

1838ರಲ್ಲಿ ಪ್ಯಾರಿಸ್ಸಿನ ಡಾಗೇರ್, ಫೋಟೋ ತೆಗೆಯುವುದನ್ನು ಕಂಡುಹಿಡಿದವರಲ್ಲಿ ಒಬ್ಬ, ಒಂದು ದೊಡ್ಡ ಬೀದಿಯ ಫೋಟೋ ತೆಗೆದ. ಚಿತ್ರ ಮೂಡಲು ಹಲವು ನಿಮಿಷ ಬೇಕಿದ್ದ ಕಾಲ. ಹಾಗಾಗಿ ಓಡಾಡುತ್ತಿದ್ದ ಗಾಡಿ, ಜನ ಯಾವುದೂ ಅದರಲ್ಲಿ ಇಲ್ಲ. ಖಾಲಿ ಬೀದಿ! ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಉಳಿದದ್ದು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬಾತ, ಅವನ ಕಾಲಬಳಿ ಮಸುಕಾಗಿ ಪಾಲಿಶ್‌ನವನು. ನಮ್ಮ ಎದುರುಮನೆಯವರು ಆ ಬೀದಿಯಲ್ಲಿದ್ದಿದ್ದರೂ ಖಂಡಿತ ಉಳಿದುಬಿಡುತ್ತಿದ್ದರು, ಅಲ್ವಾ?

ನದಿಯ ಕಡೆಗೆ ಬಾಗಿಕೊಂಡಿದ್ದ ಒಂದು ಮರ, ಹೋದ ವರ್ಷ ನೀರು ಏರಿ ದಂಡೆ ಕುಸಿದಾಗ ಹೋಯಿತು. ಮಕ್ಕಳ ಚಪ್ಪಲಿಗಳೆಲ್ಲ ಅದರ ಬುಡದಲ್ಲೇ ಇರುತ್ತಿದ್ದವು. ದಿನಾ ಅಲ್ಲೇ ಇರುತ್ತಲ್ಲ ಅಂತ ನಾನು ತೆಗೆದಿರಲೇ ಇಲ್ಲ. ಫೋನೆಲ್ಲ ಜಾಲಾಡಿದ ಮೇಲೆ ನಿನ್ನೆ ರಾತ್ರಿ ಒಂದೇ ಒಂದು ಸಿಕ್ಕಿತು. ಅರ್ಧ ಮರ. ಉಳಿದರ್ಧಕ್ಕೆ ಅಡ್ಡವಾಗಿ ನೀಲಿ ಟೋಪಿ, ಸೊಂಟದ ಮೇಲೆ ಕೈ. ತುಂಬಾ ಹೊತ್ತು ನೋಡಿದೆ. ಅವರಿಗೂ ಕಳಿಸಿದೆ.

ಇವತ್ತು ಕಂಬದ ಮುಂದೆ ನಿಂತು ಅದರ ಬಗ್ಗೆಯೇ ಹೇಳಿದರು. "ಮರ ಚೆನ್ನಾಗಿ ಬಂದಿದೆ. ನಾನೇ ಕಣ್ಣು ಮುಚ್ಚಿಬಿಟ್ಟಿದ್ದೀನಿ. ಅಲ್ಲೇ ನಿಂತ್ಕೊತೀನಿ, ಇನ್ನೊಂದು ತೆಗೆದುಬಿಡಿ."