ನಾಸ್, ನಶ್ಯ, ನಾಶ

ಮನೆಯ ಫೋಟೊ, ವಿಡಿಯೊ, ಪಹಣಿಯ ಸ್ಕ್ಯಾನ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಮನೆಯವರು ಯಾವ ಫೋನಿನಿಂದ ಬೇಕಾದರೂ ತೆಗೆದು ನೋಡುವಂತೆ ಮಾಡಿದರೆ ಅದಕ್ಕೆ ನಾಸ್ ಎಂದು ಹೆಸರು. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬುದರ ಮೊದಲಕ್ಷರಗಳು. ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈ ಮಾತು ಎತ್ತಿದರೆ ಜಗಲಿಯಲ್ಲಿ ಕೂತ ಅಜ್ಜನಿಗೆ ನಶ್ಯ ಎಂದು ಕೇಳುತ್ತದೆ. ಬೆಲೆ ಗೊತ್ತಾದ ಮೇಲೆ ಅಪ್ಪಯ್ಯನಿಗೆ ನಾಶ ಎಂದು ಕೇಳುತ್ತದೆ. ಇಬ್ಬರ ಕಿವಿಯಲ್ಲೂ ದೋಷವಿಲ್ಲ. ಒಮ್ಮೆ ಹತ್ತಿದರೆ ಬಿಡದ ಚಟ ಇದು. ಆಯ್ಕೆ ಕೆಟ್ಟರೆ ಮೊದಲ ಗುಡುಗಿಗೇ ಅಪ್ಪಯ್ಯನ ಮಾತು ಗೆಲ್ಲುತ್ತದೆ.

ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಪಟ್ಟಿ ಮಾಡುವವರು ಪ್ರೊಸೆಸರಿನಿಂದ ಶುರು ಮಾಡುತ್ತಾರೆ. ಮಲೆನಾಡಿನಲ್ಲಿ ಶುರು ಮಾಡಬೇಕಾದ್ದು ಅರ್ತಿಂಗ್ ಗುಂಡಿಯಿಂದ.

ಮನೆ ಹಿಂದೆ ಇದ್ದಿಲು, ಉಪ್ಪು ತುಂಬಿ ಕಬ್ಬಿಣದ ಪೈಪು ಹುಗಿದ ಆ ಗುಂಡಿ ಎಲ್ಲಿದೆ ಎಂದು ಕೇಳಿದರೆ ಅರ್ಧ ಮನೆಗಳಲ್ಲಿ ಅದರ ಮೇಲೆ ದಾಸವಾಳ ಬೆಳೆದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುತ್ತದೆ ನಿಜ. ಆದರೆ ಸಿಡಿಲು ಬರುವುದು ಆಷಾಢದ ಜಡಿಮಳೆಯಲ್ಲಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ, ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುವಾಗ. ನೆಲ ಒಣಗಿದಷ್ಟೂ ಅರ್ತಿಂಗ್ ಸೋಲುತ್ತದೆ. ಯುಗಾದಿ ಕಳೆದ ಮೇಲೆ ವಾರಕ್ಕೆರಡು ಕೊಡ ನೀರು ದಾಸವಾಳಕ್ಕೆ ಹಾಕುವ ನೆಪದಲ್ಲಿ ಗುಂಡಿಗೂ ಹಾಕಿ. ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮೀಟರ್ ಹಿಡಿದು ನೋಡಿ. ಎರಡು ಮೂರು ವೋಲ್ಟ್ ದಾಟಿದರೆ ಮೊದಲು ಕರೆಯಬೇಕಾದವನು ಎಲೆಕ್ಟ್ರಿಷಿಯನ್, ಕಂಪ್ಯೂಟರ್ ಅಂಗಡಿಯವನಲ್ಲ. ಮೇನ್ ಬೋರ್ಡಿನಲ್ಲಿ ಏರಿ ಬಂದ ವೋಲ್ಟೇಜನ್ನು ಅರ್ತಿಗೆ ತಿರುಗಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಕೂರಿಸುವುದೂ ಅವನ ಕೈಯಲ್ಲೇ ಆಗಲಿ. ಅರ್ತಿಂಗ್ ಇಲ್ಲದೆ ಅದನ್ನು ಕೂರಿಸುವುದು ಕೊಡೆಗೆ ಬಟ್ಟೆ ಇಲ್ಲದೆ ಬರೀ ಕಡ್ಡಿ ಹಿಡಿದು ಹೊರಟಂತೆ.

ಇಷ್ಟಾದ ಮೇಲೆ ಪ್ರೊಸೆಸರ್. ನಾಲ್ಕು ಫೋನು, ಒಂದು ಟಿವಿಗೆ ಫೈಲು ಹಂಚುವುದು ಅಂಥ ಮಹಾ ಕೆಲಸವೇನಲ್ಲ. ಇಂಟೆಲ್ 2023ರಲ್ಲಿ ತಂದ ಎನ್100 ಎಂಬ ನಾಲ್ಕು ಕೋರಿನ ಚಿಪ್ಪಿಗೆ ಕಂಪನಿ ಬರೆದ ಲೆಕ್ಕ 6 ವಾಟ್. ಅದರೊಂದಿಗೆ 8 ಜಿಬಿ ರ‍್ಯಾಮ್ ಇದ್ದರೆ ಟ್ರೂನ್ಯಾಸ್ ಎಂಬ ನಾಸ್ ತಂತ್ರಾಂಶ ಕೇಳುವ ಕನಿಷ್ಠ ಮಿತಿ ಮುಟ್ಟುತ್ತದೆ. ಡೆಬಿಯನ್ ಲಿನಕ್ಸ್ ಮೇಲೆ ಕೂತ ಅಂಥದೇ ಓಪನ್‌ಮೀಡಿಯಾವಾಲ್ಟ್ ಅದಕ್ಕಿಂತ ಕಡಿಮೆಯಲ್ಲೂ ಸಂಸಾರ ತೂಗಿಸುತ್ತದೆ. ಎಂಟು ಕೋರು, ಹನ್ನೆರಡು ಕೋರು ಎನ್ನುವವರು ಒಂದು ಎಕರೆ ತೋಟಕ್ಕೆ ಲಾರಿ ಕೊಳ್ಳುವವರು.

ಈ ಹಂತದಲ್ಲಿ ಮನೆಯಲ್ಲೊಬ್ಬರು ಹೇಳಿಯೇ ಹೇಳುತ್ತಾರೆ: "ಎಂತಕ್ಕೆ ಸುಮ್ನೆ ದುಡ್ಡು ಹಾಕದು ಮಾರಾಯ, ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಇತ್ತಲ!" ಇದೆ. ಸುಮ್ಮನೆ ಕೂತರೂ 80 ವಾಟ್ ಎಳೆಯುತ್ತದೆ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. ಹತ್ತಿರ ಹತ್ತಿರ 58 ಯೂನಿಟ್. ಎರಡು ಡಿಸ್ಕ್ ಹಾಕಿದ ಎನ್100 ಪೆಟ್ಟಿಗೆ 30 ವಾಟಿನ ಒಳಗೆ ಮುಗಿಸಿ 22 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯ ಉಚಿತ ಮಿತಿ ಮನೆಯ ಹಳೆಯ ಸರಾಸರಿ ಬಳಕೆಗೆ ಒಂದು ಚೂರು ಸೇರಿಸಿ ನಿಗದಿಯಾದದ್ದು; 200 ಯೂನಿಟ್ ಎಂಬುದು ಎಲ್ಲರ ಪಾಲಿನ ಕೋಟಾ ಅಲ್ಲ. ಎಷ್ಟೋ ದಿನಗಳ ಮೇಲೆ ಸೊನ್ನೆಯಲ್ಲದ ಮೆಸ್ಕಾಂ ಬಿಲ್ಲು ಬಂದಾಗ ಮನೆಯಲ್ಲಿ ಮೊದಲು ಬೈಗುಳ ತಿನ್ನುವುದು ಮಿಕ್ಸಿ, ಆಮೇಲೆ ಫ್ರಿಜ್ಜು. ಅಟ್ಟದ ಕಂಪ್ಯೂಟರ್ ಮೂರನೆಯ ತಿಂಗಳಿಗೆ ಸಿಕ್ಕಿಬೀಳುತ್ತದೆ.

ಇನ್ನೊಂದು ಅಗ್ಗದ ದಾರಿ ಒಂದೇ ಬೋರ್ಡಿನ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ. ಪುಟ್ಟದು, ಮುದ್ದಾದದ್ದು, ಕರೆಂಟೂ ಕಮ್ಮಿ. ಆದರೆ ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡುವುದು ಒಟ್ಟು 1.2 ಆಂಪ್. ಎರಡೂವರೆ ಇಂಚಿನ ಡಿಸ್ಕ್ ಒಂದು ತಿರುಗಲು ಶುರುವಾಗುವ ಗಳಿಗೆಯಲ್ಲಿ ಆಂಪಿನ ಹತ್ತಿರ ಕೇಳುತ್ತದೆ. ಎರಡು ಸಿಕ್ಕಿಸಿದರೆ ಎರಡನೆಯದು ಟಿಕ್ ಟಿಕ್ ಎಂದು ಲೊಚಗುಟ್ಟುತ್ತದೆ, ಹಲ್ಲಿ ಶಕುನ ಎಂದು ಅಜ್ಜಿ ಕೃಷ್ಣ ಕೃಷ್ಣ ಎನ್ನುತ್ತಾರೆ. ಪರಿಹಾರಕ್ಕೆ ಸ್ವಂತ ಅಡಾಪ್ಟರ್ ಇರುವ ಹಬ್ ತರಬೇಕು. ಕೊನೆಗೆ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಅಡಾಪ್ಟರುಗಳು ಬಾವಲಿಗಳಂತೆ ಜೋತುಬಿದ್ದಾಗ ಉಳಿದ ದುಡ್ಡೂ ಹೋಯಿತು, ಮುದ್ದೂ ಹೋಯಿತು.

ಈಗ ಡಿಸ್ಕು. ಗಮನ ಇಡಬೇಕಾದ ಜಾಗ ಇದು. ಮಂಡಿಯಲ್ಲಿ ಒಂದು ಹಿಡಿ ಅಡಿಕೆ ಬಾಚಿ, ಸರಕು ಯಾವುದು, ಬೆಟ್ಟೆ ಯಾವುದು, ರಾಶಿಯೊಳಗೆ ಗೊರಬಲು ಎಷ್ಟು ಬೆರೆತಿದೆ ಎಂದು ಕಣ್ಣಳತೆಯಲ್ಲೇ ಹೇಳುವ ಮನುಷ್ಯ, ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯಲ್ಲಿ "4 ಟಿಬಿ ಒಂದು ಕೊಡಿ" ಎಂದು ಕಣ್ಣು ಮುಚ್ಚಿ ತಂದುಬಿಡುತ್ತಾನೆ. ಡಿಸ್ಕಿನಲ್ಲೂ ಗ್ರೇಡ್ ಇದೆ. ಸಿಎಂಆರ್ ಮತ್ತು ಎಸ್‌ಎಂಆರ್ ಎಂಬ ಎರಡು ಜಾತಿ. ಸಿಎಂಆರ್ ಡಿಸ್ಕಿನಲ್ಲಿ ಬರಹದ ಸಾಲುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಇರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಸಾಲುಗಳು ಮಂಗಳೂರು ಹಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಅದಕ್ಕೇ ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಏನಾಗುತ್ತದೆ ಎಂದು ಮೇ ತಿಂಗಳಲ್ಲಿ ಮಾಡಿನ ಮೇಲೆ ಹತ್ತಿದವರಿಗೆ ಹೇಳಬೇಕಿಲ್ಲ: ಮೇಲಿನವನ್ನೆಲ್ಲ ಎತ್ತಬೇಕು, ಮತ್ತೆ ಕೂರಿಸಬೇಕು. ಡಿಸ್ಕೂ ಹಾಗೇ ಮಾಡುತ್ತದೆ. ಒಂದು ಡಿಸ್ಕ್ ಸತ್ತು ಇನ್ನೊಂದಕ್ಕೆ ಎಲ್ಲವನ್ನೂ ಮರುನಕಲು ಮಾಡುವಾಗ ಸಿಎಂಆರ್ ಒಂದು ರಾತ್ರಿಯಲ್ಲಿ ಮುಗಿಸಿದ ಕೆಲಸಕ್ಕೆ ಇದು ದಿನಗಟ್ಟಲೆ ತೆಗೆದುಕೊಳ್ಳಬಹುದು. ಕಾದು ಬೇಸತ್ತ ತಂತ್ರಾಂಶ ಅದನ್ನೂ ಸತ್ತಿತೆಂದು ಬರೆದುಬಿಡಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ಒಪ್ಪಿಕೊಳ್ಳಬೇಕಾಯಿತು. ಆಮೇಲೆ ಸಿಎಂಆರ್ ಆದದ್ದನ್ನು ರೆಡ್ ಪ್ಲಸ್ ಎಂದು ಬೇರೆ ಮೂಟೆ ಕಟ್ಟಿತು. ಸೀಗೇಟ್‌ನ ಐರನ್‌ವುಲ್ಫ್ ಸಾಲು ಸಿಎಂಆರ್. ಪೆಟ್ಟಿಗೆಯ ಬಣ್ಣ ನೋಡಬೇಡಿ, ಮಾದರಿ ಸಂಖ್ಯೆಯನ್ನು ಕಂಪನಿಯ ಪಟ್ಟಿಯಲ್ಲಿ ಹುಡುಕಿ.

ಎಷ್ಟು ದೊಡ್ಡದು ಬೇಕು? ಲೆಕ್ಕಕ್ಕೆ ಯಕ್ಷಗಾನ ಹಿಡಿಯೋಣ. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಗಂಟೆಗೆ 3.6 ಜಿಬಿ. ಚೌಕಿಪೂಜೆಯಿಂದ ಮಂಗಳದವರೆಗೆ 8 ಗಂಟೆ ಅಂದರೆ 29 ಜಿಬಿ. ನೂರು ಪ್ರಸಂಗಕ್ಕೆ 3 ಟಿಬಿ ಆಯಿತು; ಮನೆಯ ಮದುವೆ, ಉಪನಯನಕ್ಕೆ ಉಳಿದದ್ದು. 4 ಟಿಬಿ ಡಿಸ್ಕ್ ಸಿಕ್ಕಿಸಿದಾಗ ವಿಂಡೋಸ್ 3.63 ಎಂದು ತೋರಿಸುತ್ತದೆ. ಅಂಗಡಿಯವ ತೂಕದಲ್ಲಿ ಹೊಡೆದ ಎಂದು ಬಸ್ಸು ಹತ್ತಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಾಲು ಅಷ್ಟೇ, ತಕ್ಕಡಿ ಬೇರೆ.

ಎಕ್ಸ್‌ಟರ್ನಲ್ ಡಿಸ್ಕ್ ಕೆಲವೊಮ್ಮೆ ಬರೀ ಡಿಸ್ಕಿಗಿಂತ ಅಗ್ಗಕ್ಕೆ ಸಿಗುತ್ತದೆ. ಅದನ್ನು ತಂದು ಸಿಪ್ಪೆ ಸುಲಿಯುವವರಿದ್ದಾರೆ. ಅಡಿಕೆ ಸುಲಿದ ಕೈಗೆ ಕಷ್ಟವೇನಲ್ಲ, ಮೆಟ್ಟುಗತ್ತಿ ಬೇಡ, ಹಳೆಯ ಎಟಿಎಂ ಕಾರ್ಡ್ ಸಾಕು. ಸುಲಿದ ಮೇಲೆ ಕಾಯುವ ತಮಾಷೆಗಳು ಎರಡು. ಎರಡೂವರೆ ಇಂಚಿನದಾದರೆ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರಬಹುದು. ಡಿಸ್ಕನ್ನು ಕಂಪ್ಯೂಟರಿನೊಳಗೆ ಜೋಡಿಸುವ ಸಾಟಾ ಕಿಂಡಿ ಎಂಬುದೇ ಇರುವುದಿಲ್ಲ, ಜೊಳ್ಳು ಕಾಯಿ. ಮೂರೂವರೆ ಇಂಚಿನದಾದರೆ ಎಲ್ಲ ಸರಿಯಾಗಿ ಕೂತರೂ ಡಿಸ್ಕ್ ತಿರುಗದಿರಬಹುದು. ಸಾಟಾ ಪವರ್ ಕನೆಕ್ಟರಿನ 3ನೇ ಪಿನ್ನಿನಲ್ಲಿ ಹಳೆ ಪವರ್ ಸಪ್ಲೈಗಳು 3.3 ವೋಲ್ಟ್ ಕಳಿಸುತ್ತವೆ. ಹೊಸ ಡಿಸ್ಕ್ ಅದನ್ನು "ಮಲಗಿರು" ಎಂಬ ಆಜ್ಞೆ ಎಂದು ತಿಳಿಯುತ್ತದೆ. ಆ ಒಂದು ಪಿನ್ನಿನ ಮೇಲೆ ಕರೆಂಟ್ ಹರಿಯಗೊಡದ ಕಿರಿದಾದ ಕ್ಯಾಪ್ಟಾನ್ ಟೇಪ್ ಅಂಟಿಸಿದರೆ ಎದ್ದು ಕೂರುತ್ತದೆ. ವಾರಂಟಿ ಮಾತ್ರ ಸಿಪ್ಪೆಯ ಜೊತೆ ಗೊಬ್ಬರದ ಗುಂಡಿಗೆ.

ಡಿಸ್ಕ್ ಎರಡು ತನ್ನಿ, ಒಂದೇ ದಿನ ಒಂದೇ ಅಂಗಡಿಯಿಂದ ಬೇಡ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಹೊರಡುವುದುಂಟು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವಂತೆ ಮಾಡುವುದು ರೇಡ್ 1. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ರೇಡ್ ಕುರಿತ ಪ್ರಬಂಧ ಬರೆದಾಗ ಆ ಹೆಸರಿನ ಐ ಅಕ್ಷರಕ್ಕೆ ಇನೆಕ್ಸ್‌ಪೆನ್ಸಿವ್, ಅಗ್ಗದ ಎಂದೇ ಅರ್ಥವಿತ್ತು. ಆಮೇಲೆ ಮಾರುವವರು ಅದನ್ನು ಇಂಡಿಪೆಂಡೆಂಟ್, ಸ್ವತಂತ್ರ ಎಂದು ತಿದ್ದಿಕೊಂಡರು. ಬೆಲೆ ನೋಡಿದರೆ ತಿದ್ದಿದ್ದು ನ್ಯಾಯವೇ. ನೆನಪಿರಲಿ, ಅತ್ತಿಗೆ ಜಾಗ ಮಾಡಲು ಹೋಗಿ ಮದುವೆಯ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕುಗಳು ಅದೇ ಕ್ಷಣ ಅತ್ಯಂತ ವಿಧೇಯತೆಯಿಂದ ಅಳಿಸುತ್ತವೆ. ಹಾಗಾಗಿ ಮೂರನೆಯ ಡಿಸ್ಕೊಂದು ಸಾಗರದ ಚಿಕ್ಕಮ್ಮನ ಮನೆಯಲ್ಲಿರಲಿ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಹೋಳಿಗೆ ಡಬ್ಬಿಯ ಜೊತೆ ತಂದು ಹೊಸದಾಗಿ ತುಂಬಿ ಕಳಿಸಿ. ಅದೇ ಡಬ್ಬಿಯ ಒಳಗೆ ಬೇಡ.

ಯುಪಿಎಸ್ ಇಲ್ಲದೆ ಇದನ್ನೆಲ್ಲ ಮಾಡಬೇಡಿ. "ಇನ್ವರ್ಟರ್ ಇದ್ಯಲ, ಮತ್ತೆಂತಕ್ಕೆ?" ಎಂಬ ಪ್ರಶ್ನೆ ಬರುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರಿನ ಹಿಂದಿನ ಸ್ವಿಚ್ ಯುಪಿಎಸ್ ಎಂಬ ಕಡೆ ಇಲ್ಲದಿದ್ದರೆ ಅದು ಎಚ್ಚರವಾಗುವಷ್ಟರಲ್ಲಿ ಇದರ ಉಸಿರು ನಿಂತಿರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕೆಲವು ಒಳ್ಳೆಯ ಪವರ್ ಸಪ್ಲೈಗಳು ಅದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಅಲ್ಲದೆ ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ಅಷ್ಟು ಹೊತ್ತು ಯಾವ ಬ್ಯಾಟರಿಯೂ ಕಾಯುವುದಿಲ್ಲ. ಬೇಕಾದ್ದು ಓಡಿಸುವ ಯುಪಿಎಸ್ ಅಲ್ಲ, ಹೇಳಿ ಮಲಗಿಸುವ ಯುಪಿಎಸ್. 600 ವಿಎ ಸಾಕು, ಹಿಂದೆ ಯುಎಸ್‌ಬಿ ಕಿಂಡಿ ಇರಬೇಕು. ನಟ್ ಎಂಬ ತಂತ್ರಾಂಶ ಅದರಿಂದ ಬ್ಯಾಟರಿಯ ಸ್ಥಿತಿ ಕೇಳಿಕೊಂಡು ನಾಸ್ ಪೆಟ್ಟಿಗೆಯನ್ನು ಕ್ರಮವಾಗಿ ಮುಚ್ಚುತ್ತದೆ. ಅಗ್ಗದ ಮಾದರಿಗಳಲ್ಲಿ ಈ ಕಿಂಡಿ ಇರುವುದಿಲ್ಲ, ಕೇಳಿ ನೋಡಿ ತನ್ನಿ.

ಕರೆಂಟ್ ಬಂದ ಕೂಡಲೇ ತಾನೇ ಏಳುವಂತೆ ಮಾಡಲು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಒಂದು ಆಯ್ಕೆ ಇದೆ, ಮೊದಲ ದಿನವೇ ಹಾಕಿಡಿ. ಇಲ್ಲವಾದರೆ ಬೆಂಗಳೂರಿನಿಂದ ಮಗ ಫೋನಿನಲ್ಲಿ "ಅಮ್ಮಾ, ಆ ಕಪ್ಪು ಪೆಟ್ಟಿಗೆ ಗುಂಡಿ ಒತ್ತು" ಎನ್ನಬೇಕು. ಅಮ್ಮ ಒತ್ತುತ್ತಾರೆ. "ಒತ್ತಿದೆ ಕಣಾ. ಇನ್ನೂ ಒತ್ತೇ ಹಿಡ್ಕಂಡಿದೀನಿ." ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಅದು ಬಲವಂತವಾಗಿ ಆರಿಸುವ ಆಜ್ಞೆ. ಹೊತ್ತಿದ ದೀಪ ಆರುತ್ತದೆ. ಅಮ್ಮ ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ.

ತಂತಿಯ ವಿಷಯದಲ್ಲಿ ಒಂದೇ ಮಾತು ಸಾಲದು. ಗಿಗಾಬಿಟ್ ಓಡಲು ಕೇಬಲ್ಲಿನ ಎಂಟೂ ಎಳೆ ಬೇಕು; ಇಲಿ ಒಂದು ಎಳೆ ಕಡಿದರೆ ಕೆಲವೊಮ್ಮೆ ಸಂಪರ್ಕ ಸಾಯದೆ, ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯುತ್ತದೆ. ಆಗ ನಾಲ್ಕೂವರೆ ನಿಮಿಷದಲ್ಲಿ ನಕಲಾಗುತ್ತಿದ್ದ ಪ್ರಸಂಗಕ್ಕೆ ಮುಕ್ಕಾಲು ಗಂಟೆ. ಜನ ಪ್ರೊಸೆಸರನ್ನು ಬೈಯುತ್ತಾರೆ, ಇಲಿ ನಗುತ್ತದೆ. ಅಡಿಕೆ ಅಂಗಳದ ಕ್ಯಾಮೆರಾಕ್ಕೋ ತೋಟದ ಮನೆಗೋ ಹೊರಗಿನಿಂದ ತಾಮ್ರದ ಕೇಬಲ್ ಎಳೆದರೆ ಅದು ಸಿಡಿಲಿಗೆ ಹಾಕಿಕೊಟ್ಟ ಸಂಕ. ಹೊರಗಿನ ಓಟಕ್ಕೆ ಫೈಬರ್, ಎರಡು ತುದಿಗೆ ತಾಮ್ರದ ಸಂಕೇತವನ್ನು ಬೆಳಕಾಗಿಸಿ ಮತ್ತೆ ಮರಳಿಸುವ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಸಿಡಿಲು ನಡೆಯುವುದಿಲ್ಲ. ಆಧಾರಕ್ಕೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ.

ಇಡುವ ಜಾಗ? ಅಟ್ಟ ಬೇಡ, ಬಚ್ಚಲೊಲೆಯ ಹೊಗೆ ಫ್ಯಾನಿಗೆ ಜಿಡ್ಡು ಕಟ್ಟುತ್ತದೆ. ಕಬ್ಬಿಣದ ಬೀರುವಿನೊಳಗೆ ಬೇಯುತ್ತದೆ. ಒಳಗಿನ ಕೋಣೆ, ಗೋಡೆಯಿಂದ ಒಂದು ಗೇಣು ದೂರ. ತೇವಕ್ಕೆ ಹೆದರಿ ಮಳೆಗಾಲದಲ್ಲಿ ಆರಿಸಿಡುವವರೇ ಹೆಚ್ಚು ಕೆಡಿಸಿಕೊಳ್ಳುವುದು. ಓಡುತ್ತ 35ರಿಂದ 40 ಡಿಗ್ರಿ ಬಿಸಿಯಿರುವ ಡಿಸ್ಕಿನ ಮೇಲೆ ನೀರು ಕಟ್ಟುವುದಿಲ್ಲ. ಮುಚ್ಚಬೇಡಿ ಎಂದು ಬರೆದ ಸಣ್ಣ ತೂತು ಡಿಸ್ಕಿನ ಮೂಗು, ತೇವ ಹೋಗದಿರಲೆಂದು ಅದಕ್ಕೆ ಟೇಪ್ ಬಡಿಯಬೇಡಿ. ಇರುವೆಗೆ ಬೆಚ್ಚಗಿನ ಪೆಟ್ಟಿಗೆ ಅಂದರೆ ಹೆರಿಗೆ ಕೋಣೆ. ಇರುವೆ ಚಾಕ್‌ಪೀಸಿನ ಗೆರೆ ಮೇಜಿನ ಕಾಲಿಗೆ ಎಳೆಯಿರಿ, ಪೆಟ್ಟಿಗೆಗಲ್ಲ. ಪುಡಿ ಒಳಗೆ ಹೋಗುತ್ತದೆ.

ಹೊಸ ಡಿಸ್ಕ್ ಘಾಟಿಯ ತಿರುವುಗಳಲ್ಲಿ ಕೊರಿಯರ್ ವ್ಯಾನಿನೊಳಗೆ ಉರುಳಾಡಿ ಬಂದಿರುತ್ತದೆ. ಫೋಟೊ ತುಂಬುವ ಮೊದಲು ಲಿನಕ್ಸಿನ ತಂತ್ರಾಂಶವಾದ ಬ್ಯಾಡ್‌ಬ್ಲಾಕ್ಸ್‌ನ ಬರೆದು ಓದುವ ಪರೀಕ್ಷೆ ನಡೆಸಿ. 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ, ಇದ್ದದ್ದೆಲ್ಲ ಅಳಿಯುತ್ತದೆ. ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಜಾಗ ಎಣಿಸುವ 5, 197, 198ನೇ ಸಾಲುಗಳು ಸೊನ್ನೆ ಇರಬೇಕು. 199 ಏರುತ್ತಿದ್ದರೆ ಡಿಸ್ಕ್ ನಿರಪರಾಧಿ, ಐವತ್ತು ನೂರು ರೂಪಾಯಿಯ ಸಾಟಾ ಕೇಬಲ್ ಬದಲಿಸಿ.

ಇದೇ ಸಾಲುಗಳನ್ನು ವರ್ಷಕ್ಕೊಮ್ಮೆ ನೋಡಲು, ಧೂಳು ಹೊಡೆಯಲು, ಮೂರು ವರ್ಷ ದಾಟಿದ ಯುಪಿಎಸ್ ಬ್ಯಾಟರಿ ಬದಲಿಸಲು ಆಯುಧಪೂಜೆಗಿಂತ ಒಳ್ಳೆಯ ದಿನವಿಲ್ಲ. ಮಳೆಯೂ ಹಿಂದೆ ಸರಿದಿರುತ್ತದೆ. ಕುಂಕುಮ ಪಕ್ಕಕ್ಕೆ ಹಚ್ಚಿ. ಮುಂದೆ ಹಚ್ಚಿದರೆ ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ, ಡಿಸ್ಕುಗಳಿಗೂ ಕುಂಕುಮಾರ್ಚನೆ ಆಗುತ್ತದೆ. ಮೇಲೆ ಜಾಲರಿ ಇರುವ ಪೆಟ್ಟಿಗೆಗೆ ಅಕ್ಷತೆ ಬೇಡ. ಹಾಕಿಯೇಬಿಟ್ಟು, ರಾತ್ರಿ ಒಳಗಿನಿಂದ ಟಕಟಕ ಸದ್ದು ಬಂದರೆ, ಹೊಸ ಡಿಸ್ಕ್ ಆರ್ಡರ್ ಮಾಡುವ ಮೊದಲು ಫ್ಯಾನ್ ಬಿಚ್ಚಿ ಅಕ್ಕಿಕಾಳು ಹುಡುಕಿ.