ಒಂದು ಪರೀಕ್ಷೆಯಿಂದ ‘ತಪ್ಪಿತಸ್ಥ ಹಟ್ಟಿ’ ಸಿಗುವುದಿಲ್ಲ

ಚಳ್ಳಕೆರೆ, ಹಿರಿಯೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹೀಗೊಂದು ಸಂದೇಶ ಓಡಾಡುತ್ತಿದೆ: ‘ಕಂದು ರೋಗದ ಜ್ವರ ಬಂದವರ ರಕ್ತದ ಡಿಎನ್‌ಎ ಪರೀಕ್ಷೆ ಮಾಡಿದರೆ ಯಾವ ಹಟ್ಟಿಯ ಕುರಿಯಿಂದ ಬಂತೆಂದು ಗೊತ್ತಾಗುತ್ತದೆ. ಅಂಥವರ ಕುರಿ ಕೊಳ್ಳಬೇಡಿ.’ ಕಂದು ರೋಗವೆಂದರೆ ಕುರಿಗಳು ಕಂದು ಹಾಕುವಂತೆ, ಅಂದರೆ ಗರ್ಭ ಕಳೆದುಕೊಳ್ಳುವಂತೆ ಮಾಡುವ ಬ್ರುಸೆಲ್ಲೋಸಿಸ್. ಆ ಸಂದೇಶದಲ್ಲಿ ಅರ್ಧ ನಿಜ, ಉಳಿದದ್ದು ಹಗೆ ಸಾಧನೆ.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ರೋಸ್ ಬೆಂಗಾಲ್ ಪರೀಕ್ಷೆಗೂ ಡಿಎನ್‌ಎಗೂ ಸಂಬಂಧವಿಲ್ಲ. ಈ ರೋಗ ತರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನಷ್ಟೇ ಅದು ತೋರಿಸುತ್ತದೆ. ವಂಶವಾಹಿ ವಿಶ್ಲೇಷಣೆ ಬೇರೆಯೇ ಕೆಲಸ. ಅದಕ್ಕೆ ರೋಗಿಯಿಂದಲೂ ಕುರಿಗಳಿಂದಲೂ ರೋಗಾಣುವನ್ನು ಪ್ರತ್ಯೇಕಿಸಿ, ಸುಮಾರು 33 ಲಕ್ಷ ಅಕ್ಷರಗಳ ಅದರ ಜೀನೋಮ್ (ಇಡೀ ಡಿಎನ್‌ಎ ಸರಣಿ) ಓದಿ, ಎಷ್ಟು ಕಡೆ ವ್ಯತ್ಯಾಸವಿದೆ ಎಂದು ಹೋಲಿಸಬೇಕು. ವ್ಯತ್ಯಾಸ ತೀರಾ ಕಡಿಮೆಯಿದ್ದರೆ ಎರಡಕ್ಕೂ ಹತ್ತಿರದ ಮೂಲವಿದೆ ಎನ್ನಬಹುದು. ಆದರೆ ಆ ಮೂಲ ಇದೇ ರೊಪ್ಪವೋ, ಸಂತೆಯಲ್ಲಿ ಕೈಬದಲಾದ ಮೂರನೆಯ ಮಂದೆಯೋ ಎಂಬುದನ್ನು ಜೀನೋಮ್ ಒಂದೇ ಹೇಳಲಾರದು. ಬ್ರುಸೆಲ್ಲಾ ಪ್ರಭೇದಗಳು ಮೊದಲೇ ಒಂದನ್ನೊಂದು ಬಹಳ ಹೋಲುತ್ತವೆ. ಕುರಿಗಳ ಓಡಾಟ, ಕಂದು ಹಾಕಿದ ದಿನ, ಯಾರು ಮುಟ್ಟಿದರು ಎಂಬ ವಿವರವೂ ಬೇಕು. ರೋಗಲಕ್ಷಣ ಕಾಣಿಸಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ ಅದನ್ನು ಕೂಡಿಸುವುದೂ ಸುಲಭವಲ್ಲ.

ಹಟ್ಟಿಗೆ ಬಹಿಷ್ಕಾರ ಹಾಕಿದರೆ (ಅದೂ ಪುಕಾರಿನ ಮೇಲೆ!) ಜನ ಕಂದು ಹಾಕಿದ ಕುರಿಯನ್ನು ಬಚ್ಚಿಡುತ್ತಾರೆ, ಅಷ್ಟೇ. ಮಾಸು, ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆಳವಾಗಿ ಹೂಳಿ, ಪಶುವೈದ್ಯರಿಗೆ ತಿಳಿಸಿ. ಹಾಲನ್ನು ಕುದಿಸಿಯೇ ಕುಡಿಯಿರಿ.